ಇಂಗ್ಲಿಷಿನ ಸಹಾಯಕ ಕ್ರಿಯಾಪದ: ಕರ್ತೃವಿನೊಂದಿಗೆ ಹೊಂದಾಣಿಕೆ ಮತ್ತು ಕನ್ನಡಿಗರ ಕಲಿಕೆ

ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿನ ಪುರುಷ ಮತ್ತು ವಚನಕ್ಕೆ ತಕ್ಕಂತೆ ಸಹಾಯಕ ಕ್ರಿಯಾಪದದ ರೂಪ ಬದಲಾಗುತ್ತದೆ. ‘ಐ ಆಮ್ ಗೋಯಿಂಗ್’, ‘ಷಿ ಈಸ್ ಗೋಯಿಂಗ್’, ‘ದೇ ಆರ್ ಗೋಯಿಂಗ್’ ಎಂಬ ಮೂರು ವಾಕ್ಯಗಳಲ್ಲೂ ‘ಗೋಯಿಂಗ್’ ಇದ್ದ ಹಾಗೇ ಇದೆ, ಬದಲಾಗುವುದು ಅದರ ಹಿಂದಿನ ಪದ ಮಾತ್ರ. ಇದನ್ನು ಕರ್ತೃ–ಕ್ರಿಯಾ ಹೊಂದಾಣಿಕೆ ಎನ್ನುತ್ತಾರೆ. ಕನ್ನಡ ಶಾಲೆಗಳಲ್ಲಿ ಆಖ್ಯಾತ ಪ್ರತ್ಯಯ ಎಂಬ ಹೆಸರಿನಲ್ಲಿ ಕಲಿಸುವ ಸಂಗತಿ ಇದಕ್ಕೆ ತೀರ ಹತ್ತಿರದ್ದು.

ಇಂಗ್ಲಿಷ್ ಕಲಿಯುವ ಕನ್ನಡಿಗರು ಎಡವುವ ಜಾಗಗಳಲ್ಲಿ ಇದೂ ಒಂದು. ಹಾಗೆಂದು ಹೊಂದಾಣಿಕೆ ಅವರಿಗೆ ಹೊಸದೇನಲ್ಲ. ಹೋದೆನು, ಹೋದೆವು, ಹೋದೆ, ಹೋದಿರಿ, ಹೋದನು, ಹೋದಳು, ಹೋದರು, ಹೋಯಿತು, ಹೋದವು ಎಂದು ಕನ್ನಡ ಒಂಬತ್ತು ರೂಪಗಳನ್ನು ಕೊಡುವ ಕಡೆ ಇಂಗ್ಲಿಷ್ ‘ವೆಂಟ್’ ಎಂಬ ಒಂದೇ ರೂಪದಲ್ಲಿ ಮುಗಿಸುತ್ತದೆ. ಇಷ್ಟು ರೂಪಗಳನ್ನು ಚಿಕ್ಕಂದಿನಲ್ಲೇ ಕಲಿಯುವ ಮಗುವಿಗೆ ‘ಹ್ಯಾಸ್’ ಮತ್ತು ‘ಹ್ಯಾವ್’ ಎಂಬ ಎರಡು ರೂಪಗಳು ಏಕೆ ತೊಡಕಾಗುತ್ತವೆ? ಇದಕ್ಕೆ ಉತ್ತರ ಕಲಿಯುವವರ ಅಜಾಗರೂಕತೆಯಲ್ಲಿಲ್ಲ, ಎರಡು ಭಾಷೆಗಳೂ ಹೊಂದಾಣಿಕೆಯನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾರಣಕ್ಕೆ ಇಟ್ಟುಕೊಂಡಿರುವುದರಲ್ಲಿದೆ.

ಇಂಗ್ಲಿಷಿನ ಏರ್ಪಾಡು

ಇಂಗ್ಲಿಷಿನಲ್ಲಿ ಕರ್ತೃವಿಗೆ ತಕ್ಕಂತೆ ಬದಲಾಗುವ ಸಹಾಯಕ ಕ್ರಿಯಾಪದಗಳು ಮೂರೇ: ‘ಬಿ’, ‘ಹ್ಯಾವ್’, ‘ಡು’. ಇವುಗಳಲ್ಲಿ ‘ಬಿ’ಗೆ ವರ್ತಮಾನದಲ್ಲಿ ಆಮ್, ಈಸ್, ಆರ್ ಎಂಬ ಮೂರು ರೂಪಗಳೂ ಭೂತಕಾಲದಲ್ಲಿ ವಾಸ್, ವರ್ ಎಂಬ ಎರಡು ರೂಪಗಳೂ ಇವೆ. ಭೂತಕಾಲದಲ್ಲಿಯೂ ಹೊಂದಾಣಿಕೆಯನ್ನು ಉಳಿಸಿಕೊಂಡಿರುವ ಕ್ರಿಯಾಪದ ಇಡೀ ಇಂಗ್ಲಿಷಿನಲ್ಲಿ ಇದೊಂದೇ. ‘ಹ್ಯಾವ್’ ಮತ್ತು ‘ಡು’ ಪ್ರಥಮ ಪುರುಷ ಏಕವಚನದಲ್ಲಿ ಮಾತ್ರ ‘ಹ್ಯಾಸ್’, ‘ಡಸ್’ ಆಗುತ್ತವೆ. ಕ್ಯಾನ್, ವಿಲ್, ಶಲ್, ಮೇ, ಮಸ್ಟ್ ಮುಂತಾದವು ಯಾವ ಕರ್ತೃವಿಗೂ ಬದಲಾಗುವುದಿಲ್ಲ.

ಒಂದಕ್ಕಿಂತ ಹೆಚ್ಚು ಸಹಾಯಕಗಳು ಸಾಲಾಗಿ ಬಂದರೆ ಹೊಂದಾಣಿಕೆಯ ಹೊಣೆ ಮೊದಲನೆಯದಕ್ಕೆ ಮಾತ್ರ. ‘ಷಿ ಹ್ಯಾಸ್ ಬೀನ್ ವರ್ಕಿಂಗ್’, ‘ದೇ ಹ್ಯಾವ್ ಬೀನ್ ವರ್ಕಿಂಗ್’ ಎಂಬಲ್ಲಿ ‘ಬೀನ್’ ಆಗಲಿ ‘ವರ್ಕಿಂಗ್’ ಆಗಲಿ ಕರ್ತೃ ಯಾರೆಂದು ಕೇಳುವುದೇ ಇಲ್ಲ. ಪ್ರಶ್ನೆಯಾದಾಗ ಕರ್ತೃವಿನ ಮುಂದೆ ಬಂದು ನಿಲ್ಲುವುದು ಈ ಮೊದಲ ಸಹಾಯಕವೇ, ನಿಷೇಧದ ‘ನಾಟ್’ ಅಂಟಿಕೊಳ್ಳುವುದೂ ಇದಕ್ಕೇ. ಸಾಲಿನ ಮೊದಲಲ್ಲಿ ‘ಕ್ಯಾನ್’ ಅಥವಾ ‘ವಿಲ್’ ಬಂದರೆ ಹೊಂದಾಣಿಕೆ ಅಲ್ಲಿಗೇ ಮುಗಿಯಿತು. ‘ಷಿ ವಿಲ್ ಹ್ಯಾಸ್ ಗಾನ್’ ಎನ್ನುವಂತಿಲ್ಲ.

ವಾಕ್ಯದಲ್ಲಿ ಸಹಾಯಕವೇ ಇಲ್ಲದಿದ್ದರೆ ಪ್ರಶ್ನೆ ಮತ್ತು ನಿಷೇಧಕ್ಕಾಗಿ ‘ಡು’ವನ್ನು ಕರೆತರಬೇಕಾಗುತ್ತದೆ. ‘ಹಿ ನೋಸ್’ ಎಂಬಲ್ಲಿ ಮುಖ್ಯ ಕ್ರಿಯಾಪದದ ತುದಿಯಲ್ಲಿದ್ದ ‘ಸ್’ ಆಗ ‘ಡಸ್’ಗೆ ವರ್ಗವಾಗಿ ‘ಹಿ ಡಸ್ ನಾಟ್ ನೋ’ ಆಗುತ್ತದೆ. ಮೂಲದ ಜಾಗದಲ್ಲಿ ಅದು ಉಳಿಯಕೂಡದು. ‘ಹಿ ಡಸಂಟ್ ನೋಸ್’ ಎಂಬ ಬಹು ಸಾಮಾನ್ಯ ತಪ್ಪಿನಲ್ಲಿ ಕಲಿಯುವವರು ನಿಯಮವನ್ನು ಮರೆತಿರುವುದಿಲ್ಲ, ಎರಡು ಬಾರಿ ಪಾಲಿಸಿರುತ್ತಾರೆ. ಕಲಿಕೆ ನಡೆಯುತ್ತಿದೆ ಎಂಬುದಕ್ಕೆ ಇದು ಗುರುತು. ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ಮೊದಲು ಶಿಕ್ಷಕರು ಇದನ್ನು ಗಮನಿಸಬೇಕು.

ಈ ಏರ್ಪಾಡು ಹೀಗಾದದ್ದು

‘ಕ್ಯಾನ್’ಗೆ ‘ಸ್’ ಏಕೆ ಹತ್ತುವುದಿಲ್ಲ ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ‘ಅದು ಹಾಗೇ’ ಎಂಬ ಉತ್ತರ ಸಿಗುವುದೇ ಹೆಚ್ಚು. ನಿಜವಾದ ಉತ್ತರ ಇದಕ್ಕಿಂತ ಸ್ವಾರಸ್ಯವಾಗಿದೆ. ಕ್ಯಾನ್, ಮೇ, ಶಲ್ ಇವು ಇಂಗ್ಲಿಷ್ ಇಂಗ್ಲಿಷಾಗುವ ಮುಂಚೆಯೇ, ಜರ್ಮ್ಯಾನಿಕ್ ಭಾಷೆಗಳ ಹಳೆಯ ಘಟ್ಟದಲ್ಲಿ, ಭೂತಕಾಲದ ರೂಪಗಳಾಗಿದ್ದವು. ಅರ್ಥ ವರ್ತಮಾನಕ್ಕೆ ಸರಿದರೂ ರೂಪ ಭೂತಕಾಲದ್ದೇ ಉಳಿಯಿತು. ಆ ಕಾಲದ ಭೂತರೂಪಗಳಲ್ಲಿ ಪ್ರಥಮ ಪುರುಷ ಏಕವಚನಕ್ಕೆ ಪ್ರತ್ಯಯವಿರಲಿಲ್ಲವಾದ್ದರಿಂದ ಇಂದಿನ ‘ಹಿ ಕ್ಯಾನ್’ ಕೂಡ ಬರಿಗೈಯಲ್ಲೇ ನಿಂತಿದೆ.

ಕನ್ನಡದಲ್ಲಿಯೂ ಇದಕ್ಕೆ ಸರಿಜೋಡಿ ಇದೆ. ‘ನಾನು ಹೋಗಬೇಕು’, ‘ಅವಳು ಹೋಗಬೇಕು’, ‘ಅವರು ಹೋಗಬಹುದು’ ಎನ್ನುವಾಗ ಬೇಕು, ಬಹುದು ಕದಲುವುದಿಲ್ಲ. ಹಳಗನ್ನಡದ ‘ಬೇೞ್ಕುಂ’ ಸವೆದು ‘ಬೇಕು’ ಆಯಿತು, ‘ಬರ್ಪುದು’ ಸವೆದು ‘ಬಹುದು’ ಆಯಿತು. ‘ಬರ್ಪುದು’ ನಪುಂಸಕಲಿಂಗದ ಏಕವಚನ ರೂಪ. ಅದೇ ಗಟ್ಟಿಯಾಗಿ ಎಲ್ಲ ಕರ್ತೃಗಳಿಗೂ ಒಗ್ಗಿಕೊಂಡಿತು. ಹೀಗಾಗಿ ಸಾಧ್ಯತೆ ಮತ್ತು ಅಗತ್ಯವನ್ನು ಹೇಳುವ ಪದಗಳು ಎರಡೂ ಭಾಷೆಗಳಲ್ಲಿ ಹಳೆಯ ರೂಪಗಳ ಅವಶೇಷಗಳು. ಕನ್ನಡದ ಮಕ್ಕಳು ‘ಷಿ ಕ್ಯಾನ್ಸ್’ ಎನ್ನುವುದು ಅಪರೂಪವಾಗಿರುವುದಕ್ಕೆ ಈ ಸಾಮ್ಯವೂ ಒಂದು ಕಾರಣವಿರಬೇಕು.

‘ಹ್ಯಾಸ್’, ‘ಡಸ್’ ರೂಪಗಳಿಗೆ ಅಷ್ಟು ವಯಸ್ಸಾಗಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಇವು ‘ಹ್ಯಾತ್’, ‘ಡತ್’ ಎಂದಿವೆ. ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಿಂದ ‘ಸ್’ ಪ್ರತ್ಯಯ ದಕ್ಷಿಣಕ್ಕೆ ಇಳಿದು ಬಂದು ಮೊದಲು ಸಾಮಾನ್ಯ ಕ್ರಿಯಾಪದಗಳನ್ನು ಹಿಡಿಯಿತು. ಹ್ಯಾತ್, ಡತ್ ಎರಡೂ ಉಳಿದವುಗಳಿಗಿಂತ ಹೆಚ್ಚು ಕಾಲ ಬಾಳಿದವು. ಅತಿಯಾಗಿ ಬಳಕೆಯಾಗುವ ಪದಗಳು ಹೊಸತಿಗೆ ಬೇಗ ಬಗ್ಗುವುದಿಲ್ಲ.

‘ಯು’ ಎಂಬ ಸರ್ವನಾಮದ ಕಥೆ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಒಬ್ಬರನ್ನು ‘ದೌ’ ಎಂದು, ಹಲವರನ್ನು ‘ಯು’ ಎಂದು ಕರೆಯುತ್ತಿದ್ದ ಇಂಗ್ಲಿಷ್ ಮಾತುಗಾರರು ಕ್ರಮೇಣ ಮರ್ಯಾದೆಗಾಗಿ ಒಬ್ಬರನ್ನೂ ‘ಯು’ ಎನ್ನತೊಡಗಿದರು. ನಮ್ಮ ನೀನು–ನೀವು ಇದ್ದ ಹಾಗೆಯೇ. ‘ದೌ’ ಮೂಲೆಗೆ ಸರಿದ ಮೇಲೆ ‘ಆರ್’ ಎಂಬ ಬಹುವಚನದ ಸಹಾಯಕ ಒಬ್ಬರಿಗೂ ಖಾಯಂ ಆಯಿತು. 18ನೇ ಶತಮಾನದಲ್ಲಿ ಒಬ್ಬರಿಗೆ ‘ಯು ವಾಸ್’ ಎನ್ನುವ ರೂಢಿಯೂ ಇತ್ತು. 1762ರಲ್ಲಿ ರಾಬರ್ಟ್ ಲೌತ್ ತಮ್ಮ ವ್ಯಾಕರಣದಲ್ಲಿ ಅದನ್ನು ತಪ್ಪೆಂದು ಖಂಡಿಸಿದರು. ಆಮೇಲೆ ಶಿಷ್ಟ ಬರಹದಲ್ಲಿ ‘ಯು ವರ್’ ನೆಲೆನಿಂತಿತು. ಲಿಂಗ ಹೇಳಬಯಸದ ಒಬ್ಬ ವ್ಯಕ್ತಿಯನ್ನು ‘ದೇ’ ಎಂದು ಕರೆದು ‘ಆರ್’ ಸೇರಿಸುವ ಇಂದಿನ ಬಳಕೆಯೂ ಇದೇ ದಾರಿಯದು.

ಕನ್ನಡದಲ್ಲಿ ಸಹಾಯಕ ಕ್ರಿಯಾಪದ

ಕನ್ನಡದ ಮುಖ್ಯ ಸಹಾಯಕ ‘ಇರು’. ಓದುತ್ತಿದ್ದಾನೆ, ಓದುತ್ತಿದ್ದಾಳೆ, ಓದಿದ್ದಾರೆ, ಓದಿದ್ದೇನೆ ಎಂಬುವುಗಳನ್ನು ಬಿಡಿಸಿದರೆ ಮೊದಲು ಓದುವ ಕೆಲಸ, ಆಮೇಲೆ ‘ಇರು’ವಿನ ರೂಪ, ಅದರ ತುದಿಯಲ್ಲಿ ಕರ್ತೃವಿನ ಗುರುತು ಸಿಗುತ್ತವೆ. ಕರ್ತೃ ಹೆಣ್ಣೋ ಗಂಡೋ, ಒಬ್ಬರೋ ಹಲವರೋ ಎಂಬುದನ್ನು ವಾಕ್ಯದ ಕಟ್ಟಕಡೆಯ ಪದ ಹೇಳುತ್ತದೆ. ಬಿಡು, ಕೊಳ್ಳು, ಹಾಕು, ಕೊಡು ಇವೂ ಸಹಾಯಕಗಳಾಗಿ ಬರುತ್ತವೆ. ‘ಅವಳು ಬರೆದುಕೊಂಡುಬಿಟ್ಟಿದ್ದಾಳೆ’ ಎಂಬಲ್ಲಿ ನಾಲ್ಕು ಧಾತುಗಳಿದ್ದರೂ ‘ಆಳೆ’ ಎಂಬ ಗುರುತು ಕೊನೆಯದಕ್ಕೆ ಮಾತ್ರ ಇದೆ.

ಇಂಗ್ಲಿಷ್ ಮತ್ತು ಕನ್ನಡ ಕನ್ನಡಿಯಲ್ಲಿ ಕಂಡ ಹಾಗೆ ಎದುರುಬದುರಾಗುವುದು ಇಲ್ಲಿ. ಇಂಗ್ಲಿಷಿನಲ್ಲಿ ಸಾಲಿನ ಮೊದಲನೆಯ ಸಹಾಯಕ ಹೊರುವ ಭಾರವನ್ನು ಕನ್ನಡದಲ್ಲಿ ಕೊನೆಯದು ಹೊರುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತಾಡುವವರು ಕ್ರಿಯೆಯ ವಿವರವನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ಕರ್ತೃವನ್ನು ನೆನೆಯುವ ಅಭ್ಯಾಸದವರು. ಇಂಗ್ಲಿಷಿನಲ್ಲಾದರೋ ಕರ್ತೃವನ್ನು ಹೇಳಿದ ಮರುಕ್ಷಣವೇ, ಕ್ರಿಯೆ ಯಾವುದೆಂದು ಹೇಳುವ ಮೊದಲೇ, ತೀರ್ಮಾನ ಮಾಡಬೇಕು.

ಬೆಂಗಳೂರಿನ ಸುತ್ತಲಿನ ಆಡುಮಾತಿನಲ್ಲಿ ‘ಬಂದವ್ನೆ, ಬಂದವ್ಳೆ, ಬಂದವ್ರೆ, ಬಂದದೆ’ ಎಂದು ಸಹಾಯಕವೇ ಕರಗಿ ಮುಖ್ಯ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ಕರಗಿದರೂ ಹೊಂದಾಣಿಕೆ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ‘ಹೀಸ್’ ಎಂದು ಕರಗಿದಾಗ ಮಾತ್ರ ಅದು ‘ಹಿ ಈಸ್’ ಆಗಿರಬಹುದು, ‘ಹಿ ಹ್ಯಾಸ್’ ಆಗಿರಬಹುದು. ಕಿವಿಯಿಂದ ಕಲಿಯುವವರಿಗೆ ಆ ಪದವೊಂದರಿಂದಲೇ ವ್ಯತ್ಯಾಸ ತಿಳಿಯುವುದಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹವ್ಯಕ ಕನ್ನಡದಲ್ಲಿ ಹೆಣ್ಣಿನ ಬಗ್ಗೆಯೂ ‘ಅದು ಬಂತು’ ಎಂದು ನಪುಂಸಕದ ರೂಪ ಬಳಸುವ ರೂಢಿಯಿದೆ. ಶಿಷ್ಟ ಕನ್ನಡ ಹೀಗೆ ಮಾತಾಡುವವರಿಗೆ ಶಾಲೆಯಲ್ಲಿ ಕಲಿತ ಇನ್ನೊಂದು ಹೊಂದಾಣಿಕೆ.

ಬೇಕು, ಬಹುದುಗಳ ಹೊರತು ಬಹುಪಾಲು ಎಲ್ಲೆಡೆ ಬದಲಾಗುವ ಕನ್ನಡ ನಿಷೇಧದಲ್ಲಿಯೂ ಬದಲಾಗುವುದನ್ನು ನಿಲ್ಲಿಸುತ್ತದೆ. ನಾನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ. ಹಳಗನ್ನಡದಲ್ಲಿ ಅರಿಯೆಂ, ಅರಿಯಂ, ಅರಿಯರ್ ಎಂದು ನಿಷೇಧಕ್ಕೂ ಪುರುಷವಚನಗಳಿದ್ದವು. ಇಂದಿನ ಮಾತಿನಲ್ಲಿ ‘ಇಲ್ಲ’ ಅವೆಲ್ಲವನ್ನೂ ನುಂಗಿದೆ. ಇಂಗ್ಲಿಷ್ ಸರಿಯಾಗಿ ಇಲ್ಲೇ ಡೋಂಟ್ ಮತ್ತು ಡಸಂಟ್ ಎಂದು ಒಡೆಯುತ್ತದೆ. ‘ಡೋಂಟ್’ ಪದವನ್ನು ‘ಇಲ್ಲ’ದ ಜಾಗದಲ್ಲಿಟ್ಟು ‘ಹಿ ಡೋಂಟ್ ನೋ’ ಎನ್ನುವುದು ಕನ್ನಡದ ಒಳಗಿನಿಂದ ನೋಡಿದರೆ ತೀರ ಸಹಜ. ಇಂಗ್ಲೆಂಡ್ ಮತ್ತು ಅಮೆರಿಕದ ಎಷ್ಟೋ ಆಡುಮಾತುಗಳಲ್ಲಿಯೂ ಈ ರೂಪ ಉಂಟು.

ಮಡಿವಾಳ: ಒಂದೇ ಬೀದಿಯ ಹಲವು ವ್ಯಾಕರಣಗಳು

ದಕ್ಷಿಣ ಬೆಂಗಳೂರಿನ ಮಡಿವಾಳದಲ್ಲಿ ಭಾಷೆಗಳು ಬೆರೆತಿರುವುದು ಹೊಸದಲ್ಲ. ಅಲ್ಲಿನ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ ತಮಿಳು ಶಾಸನಗಳಿವೆ. ಹೊಸೂರು ರಸ್ತೆಯಲ್ಲಿ ಕೇರಳ, ತಮಿಳುನಾಡುಗಳಿಗೆ ರಾತ್ರಿ ಹೊರಡುವ ಬಸ್ಸುಗಳು, ಮಾರ್ಕೆಟ್, ಓಣಿ ಓಣಿಗೂ ಪೇಯಿಂಗ್ ಗೆಸ್ಟ್ ಮನೆಗಳು. ಇಲ್ಲಿ ಒಂದೇ ಕೋಣೆಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಮನೆಮಾತಿನವರು ಇದ್ದು ಸಂದರ್ಶನಕ್ಕಾಗಿ ಇಂಗ್ಲಿಷ್ ತಿದ್ದಿಕೊಳ್ಳುತ್ತಿರಬಹುದು. ತಪ್ಪು ಒಂದೇ ಬಗೆಯದೆಂದು ಕಂಡರೂ ಬೇರು ಒಂದೇ ಅಲ್ಲ.

ಮಲಯಾಳದಲ್ಲಿ ಕ್ರಿಯಾಪದ ಕರ್ತೃವಿಗೆ ಹೊಂದುವುದೇ ಇಲ್ಲ. ಞಾನ್ ವನ್ನು, ಅವನ್ ವನ್ನು, ಅವಳ್ ವನ್ನು, ಅವರ್ ವನ್ನು: ನಾನು, ಅವನು, ಅವಳು, ಅವರು ಎಲ್ಲರಿಗೂ ಒಂದೇ ‘ವನ್ನು’. ಎ. ಆರ್. ರಾಜರಾಜವರ್ಮ 1896ರ ‘ಕೇರಳಪಾಣಿನೀಯಂ’ ಗ್ರಂಥದಲ್ಲಿ ಮಲಯಾಳವನ್ನು ತಮಿಳಿನಿಂದ ಬೇರ್ಪಡಿಸುವ ಆರು ಲಕ್ಷಣಗಳಲ್ಲಿ ಇದನ್ನೂ ಎಣಿಸಿ ‘ಪುರುಷಭೇದನಿರಾಸ’ ಎಂದು ಹೆಸರಿಟ್ಟರು. ತಮಿಳು ಕನ್ನಡದಂತೆ ವಂದಾನ್, ವಂದಾಳ್, ವಂದಾರ್ ಎಂದು ಭೇದ ಮಾಡುತ್ತದೆ. ತೆಲುಗಿನಲ್ಲಿ ಗಂಡಸಿಗೆ ‘ವಚ್ಚಾಡು’, ಹೆಂಗಸಿಗೂ ಬಸ್ಸಿಗೂ ‘ವಚ್ಚಿಂದಿ’. ಹಿಂದಿ ಭಾರವನ್ನು ಇಬ್ಬರಿಗೆ ಹಂಚುತ್ತದೆ. ‘ವೊ ಆಯೀ ಹೈ’ ಎಂಬಲ್ಲಿ ಲಿಂಗದ ಗುರುತು ‘ಆಯೀ’ಯಲ್ಲಿ, ಪುರುಷದ ಗುರುತು ಸಹಾಯಕವಾದ ‘ಹೈ’ಯಲ್ಲಿ. ಇವರೆಲ್ಲರ ಕೈಗೂ ಒಂದೇ ಅಭ್ಯಾಸ ಪುಸ್ತಕ ಕೊಟ್ಟು ಬಿಟ್ಟ ಸ್ಥಳ ತುಂಬಿಸುವುದು ಸಾಲದು. ಮಲಯಾಳದವರಿಗೆ ಹೊಂದಾಣಿಕೆ ಎಂಬುದನ್ನೇ ತೋರಿಸಬೇಕು, ಕನ್ನಡದವರಿಗೆ ಅವರಲ್ಲಿ ಈಗಾಗಲೇ ಇರುವ ಹೊಂದಾಣಿಕೆಯನ್ನು ಎಲ್ಲಿ ಸಡಿಲಿಸಬೇಕು, ಎಲ್ಲಿ ಬಿಗಿಯಬೇಕು ಎಂಬುದನ್ನು ತೋರಿಸಬೇಕು.

ಕನ್ನಡಿಗರು ಎಡವುವ ಜಾಗಗಳು

ಎಲ್ಲಕ್ಕಿಂತ ಬಲವಾದದ್ದು ಮರ್ಯಾದೆಯ ಬಹುವಚನ. ‘ನಮ್ಮ ತಂದೆ ಬಂದಿದ್ದಾರೆ’, ‘ಮೇಡಂ ಹೇಳಿದ್ದಾರೆ’ ಎನ್ನುವವರಿಗೆ ‘ಮೈ ಫಾದರ್ ಹ್ಯಾಸ್ ಕಮ್’ ಎನ್ನುವಾಗ ಏನೋ ಒಂದು ಬಾಯಿಗೆ ಅಡ್ಡ ಬರುತ್ತದೆ. ತಂದೆಗೆ ಏಕವಚನ ಹಾಕುವುದು ಕನ್ನಡದ ಮನೆಗಳಲ್ಲಿ ಬರೀ ವ್ಯಾಕರಣದ ಮಾತಲ್ಲ. ‘ಫಾದರ್ ಹ್ಯಾವ್ ಕಮ್’ ಎಂದು ಬರೆದ ಹುಡುಗಿ ತನ್ನ ಭಾಷೆಯ ನಡವಳಿಕೆಯನ್ನು ಇಂಗ್ಲಿಷಿಗೂ ಸಲ್ಲಿಸಿದ್ದಾಳೆ. ಇಂಗ್ಲಿಷಿನಲ್ಲಿ ಆ ಗೌರವ ಕ್ರಿಯಾಪದದಲ್ಲಿ ಇರುವುದಿಲ್ಲ, ಸರ್, ಪ್ಲೀಸ್ ಎಂಬ ಬೇರೆ ಪದಗಳಲ್ಲಿ, ದನಿಯಲ್ಲಿ ಇರುತ್ತದೆ ಎಂದು ಒಮ್ಮೆ ಬಿಡಿಸಿ ಹೇಳಿದರೆ ಎಷ್ಟೋ ಹಗುರವಾಗುತ್ತದೆ.

ಪ್ರಶ್ನಾರ್ಥಕ ‘ಯಾರು’ ಕೂಡ ಹೀಗೆಯೇ. ಬರುವವರು ಒಬ್ಬರೇ ಆಗಿದ್ದರೂ ‘ಯಾರು ಬಂದಿದ್ದಾರೆ?’ ಎಂದೇ ಕೇಳುತ್ತೇವೆ. ಇಂಗ್ಲಿಷಿನ ‘ಹೂ’ ಸಾಮಾನ್ಯವಾಗಿ ‘ಈಸ್’, ‘ಹ್ಯಾಸ್’ಗಳನ್ನು ಬೇಡುತ್ತದೆ. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂಬುದರ ನೆರಳಿನಲ್ಲಿ ‘ಎವರಿವನ್ ಹ್ಯಾವ್ ಕಮ್’ ಹುಟ್ಟುತ್ತದೆ.

ನಪುಂಸಕದಲ್ಲಿ ತಪ್ಪು ತಿರುಗುಮುರುಗು. ‘ಬಸ್ಸುಗಳು ಬಂದವು’ ಎಂಬುದು ಪುಸ್ತಕದ ಕನ್ನಡ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನಿಲ್ದಾಣದಲ್ಲಿ ನಿಂತವರು ‘ಎರಡು ಬಸ್ ಬಂತು, ಎರಡೂ ತುಂಬಿತ್ತು’ ಎನ್ನುತ್ತಾರೆ. ಸಂಖ್ಯೆ ಹೇಳಿದ ಮೇಲೆ ನಾಮಪದಕ್ಕೂ ಕ್ರಿಯಾಪದಕ್ಕೂ ಬಹುವಚನ ಬೇಕೆನಿಸುವುದಿಲ್ಲ. ‘ಟೂ ಬಸಸ್ ಹ್ಯಾಸ್ ಗಾನ್’ ಎಂಬುದು ಇದರ ಇಂಗ್ಲಿಷ್ ಅವತಾರ. ಮನುಷ್ಯರ ವಿಷಯದಲ್ಲಿ ಬೇಡದ ಕಡೆ ಬಹುವಚನ, ವಸ್ತುಗಳ ವಿಷಯದಲ್ಲಿ ಬೇಕಾದ ಕಡೆ ಏಕವಚನ: ಒಬ್ಬರೇ ಮಾಡುವ ಈ ಎರಡು ತಪ್ಪುಗಳು ಮೇಲುನೋಟಕ್ಕೆ ವಿರುದ್ಧವಾಗಿ ಕಂಡರೂ ಎರಡರ ಹಿಂದೆಯೂ ಬಹುವಚನ ಎಣಿಕೆಗಿಂತ ಮರ್ಯಾದೆಗೆ ಎಂಬ ಕನ್ನಡದ ಒಂದೇ ವಿವೇಕವಿದೆ.

ಇಂಗ್ಲಿಷಿನದ್ದೇ ಆದ ಇನ್ನೊಂದು ತೊಡಕು ‘ದ ಲಿಸ್ಟ್ ಆಫ್ ಬುಕ್ಸ್ ಈಸ್ ರೆಡಿ’ಯಂಥ ವಾಕ್ಯಗಳದ್ದು. ಇಲ್ಲಿ ಕರ್ತೃ ‘ಲಿಸ್ಟ್’, ಸಹಾಯಕಕ್ಕೆ ಒತ್ತಿಕೊಂಡು ನಿಂತಿರುವುದು ಮಾತ್ರ ‘ಬುಕ್ಸ್’. ಕನ್ನಡದಲ್ಲಿ ಷಷ್ಠಿಯ ಪದ ಮೊದಲು ಬಂದು ‘ಪುಸ್ತಕಗಳ ಪಟ್ಟಿ ಸಿದ್ಧವಾಗಿದೆ’ ಎಂದಾಗುವುದರಿಂದ ನಿಜವಾದ ಕರ್ತೃ ಕ್ರಿಯಾಪದದ ಕಡೆಗೇ ಇರುತ್ತದೆ, ದಾರಿ ತಪ್ಪುವ ಸಂಭವ ಕಡಿಮೆ. ಈ ತಪ್ಪನ್ನು ಇಂಗ್ಲಿಷ್ ತಾಯ್ನುಡಿಯವರೂ ಮಾಡುತ್ತಾರೆ. ಕ್ಯಾಥ್ರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ 1991ರಲ್ಲಿ ಪ್ರಯೋಗಗಳ ಮೂಲಕ ಇದನ್ನು ತೋರಿಸಿದರು.

ಮಾತಿನ ಕೊನೆಗೆ ಒಪ್ಪಿಗೆ ಕೇಳುವ ‘ಅಲ್ವಾ’ ಕೂಡ ಬದಲಾಗದ ಪದ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಹ್ಯಾಸಂಟ್ ಷಿ, ಡೋಂಟ್ ದೇ, ವಾಸಂಟ್ ಇಟ್ ಎಂದು ಪ್ರತಿ ಬಾರಿಯೂ ಹೊಸದಾಗಿ ಹೊಂದಿಸಬೇಕು. ಭಾರತದ ಇಂಗ್ಲಿಷಿನಲ್ಲಿ ‘ಇಸಂಟ್ ಇಟ್’ ಎಲ್ಲಕ್ಕೂ ಒದಗುತ್ತದೆ.

ಬೆಂಗಳೂರು ಪ್ರಯೋಗ

ಹೊಂದಾಣಿಕೆಯಂಥ ನಿಯಮವನ್ನು ಹೇಳಿಕೊಟ್ಟು ಕಲಿಸಬೇಕೋ, ತಾನಾಗಿ ಬರಲು ಬಿಡಬೇಕೋ ಎಂಬ ಪ್ರಶ್ನೆಯ ಬಗ್ಗೆ ಜಗತ್ತಿನ ಭಾಷಾ ಶಿಕ್ಷಕರೆಲ್ಲ ಇಂದಿಗೂ ನೆನೆಯುವ ಪ್ರಯೋಗವೊಂದು ಈ ಊರಿನ ಹೆಸರು ಹೊತ್ತಿದೆ. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲ್ ಆಸರೆಯಲ್ಲಿ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು, ಕಡಲೂರು ಮೊದಲಾದ ಕಡೆಯ ಶಾಲೆಗಳಲ್ಲಿ ಇದನ್ನು ನಡೆಸಿದರು.

ಅದಕ್ಕೆ ಮೊದಲು ಚಾಲ್ತಿಯಲ್ಲಿದ್ದ ರಚನಾ ಪದ್ಧತಿಯಲ್ಲಿ ‘ದಿಸ್ ಈಸ್ ಎ ಬುಕ್’, ‘ದೀಸ್ ಆರ್ ಬುಕ್ಸ್’ ಎಂಬಂಥ ವಾಕ್ಯಗಳನ್ನು ಕ್ರಮವಾಗಿ ಜೋಡಿಸಿ ತರಗತಿಯಿಡೀ ಒಕ್ಕೊರಲಿನಿಂದ ಹೇಳಿಸುತ್ತಿದ್ದರು. ಪ್ರಭು ಆ ಪಟ್ಟಿಯನ್ನೇ ಕೈಬಿಟ್ಟರು. ರೈಲು ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ತೀರ್ಮಾನಿಸುವುದು, ನಕ್ಷೆ ಓದಿ ದಾರಿ ಹೇಳುವುದು ಮುಂತಾದ ಕೆಲಸಗಳೇ ಪಾಠವಾದವು. ವ್ಯಾಕರಣದ ನಿಯಮ ಹೇಳುವುದಿಲ್ಲ, ತಪ್ಪನ್ನು ಹಿಡಿದು ವಿವರಿಸುವುದಿಲ್ಲ, ಮಾತಿನ ಓಘದಲ್ಲಿಯೇ ಶಿಕ್ಷಕರು ಸರಿಯಾದ ರೂಪ ಹೇಳಿ ಮುಂದೆ ಹೋಗುತ್ತಾರೆ. ಗಮನ ಅರ್ಥದ ಮೇಲಿದ್ದಾಗಲೇ ರೂಪ ಚೆನ್ನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕದಲ್ಲಿ ಅವರು ಇದನ್ನು ವಿಸ್ತಾರವಾಗಿ ಬರೆದಿದ್ದಾರೆ. ಕಾರ್ಯಾಧಾರಿತ ಬೋಧನೆ ಎಂದು ಇಂದು ಎಲ್ಲೆಡೆ ಹೆಸರಾಗಿರುವ ಪದ್ಧತಿಯ ಮೊದಲ ದೊಡ್ಡ ಪರೀಕ್ಷೆ ಇದು.

ಪ್ರಯೋಗದ ಮೌಲ್ಯಮಾಪನ ಮಾಡಿದ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವೀಸ್ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ರಚನೆಗಳನ್ನೇ ಕೇಳುವ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು, ಕೆಲಸ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ನಿಯಮ ಹೇಳದೆಯೂ ವ್ಯಾಕರಣ ಬೆಳೆಯಬಲ್ಲದು ಎಂಬ ವಾದಕ್ಕೆ ಒಟ್ಟಾರೆ ಫಲಿತಾಂಶ ಎಚ್ಚರಿಕೆಯ ಬೆಂಬಲ ಕೊಟ್ಟಿತು.

ಹೊಂದಾಣಿಕೆಯ ಬಗ್ಗೆ ಬೇರೆಡೆ ನಡೆದ ಅಧ್ಯಯನಗಳನ್ನೂ ಇದರ ಪಕ್ಕ ಇಡಬೇಕು. 1974ರಲ್ಲಿ ಹೈಡಿ ಡುಲೆ ಮತ್ತು ಮರೀನಾ ಬರ್ಟ್ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಗಮನಿಸಿದಾಗ ‘ಬಿ’ ಸಹಾಯಕ ಬೇಗ ಬರುವುದು, ಮುಖ್ಯ ಕ್ರಿಯಾಪದದ ‘ಸ್’ ತಡವಾಗಿ ಬರುವುದು ಕಂಡಿತು. ತಡವಾಗಿ ಬರುವುದನ್ನು ಮೊದಲ ವರ್ಷವೇ ಒತ್ತಾಯಿಸಿದರೆ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ. 2007–08ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿರುವಾಗ ಈ ತಿಳಿವಳಿಕೆಗೆ ಬೆಲೆ ಹೆಚ್ಚು. ದೊಡ್ಡವರ ಸಂಗತಿ ಬೇರೆ. ಮಡಿವಾಳದ ಕೋಣೆಯಲ್ಲಿ ಕುಳಿತು ಮುಂದಿನ ವಾರದ ಸಂದರ್ಶನಕ್ಕೆ ಸಜ್ಜಾಗುವ ಪದವೀಧರೆಗೆ ಕಾಯುವ ಪುರಸೊತ್ತಿಲ್ಲ. ಅವಳಿಗೆ ಇದ್ದಾನೆ, ಇದ್ದಾಳೆ, ಇದ್ದಾರೆ, ಇದೆ, ಇವೆ ಎಂಬ ಸಾಲನ್ನು ಒಂದು ಕಡೆ ಬರೆದು, ಎದುರಿಗೆ ಈಸ್ ಮತ್ತು ಆರ್ ಎರಡನ್ನೇ ಇಟ್ಟು, ಯಾವುದು ಯಾವುದಕ್ಕೆ ಸೇರುತ್ತದೆ, ‘ಇದ್ದಾರೆ’ ಮಾತ್ರ ಹೇಗೆ ಎರಡು ಕಡೆಗೂ ಹೋಗುತ್ತದೆ ಎಂದು ಗೆರೆ ಎಳೆದು ತೋರಿಸಿದರೆ ಅರ್ಧ ಗಂಟೆಯ ಪಾಠ ಸಾಕು.

‘ಸ್’ ಬಿಟ್ಟುಹೋದರೂ ಅರ್ಥಕ್ಕೆ ಅಡ್ಡಿಯಾಗುವುದಿಲ್ಲ ಎಂದು ಬಾರ್ಬರಾ ಸೈಡ್‌ಲ್‌ಹೋಫರ್ ಅವರಂಥ ವಿದ್ವಾಂಸರು, ಬೇರೆ ಬೇರೆ ತಾಯ್ನುಡಿಯವರು ತಮ್ಮತಮ್ಮಲ್ಲಿ ಆಡುವ ಇಂಗ್ಲಿಷನ್ನು ನೋಡಿ ಹೇಳಿದ್ದಾರೆ. ಅದು ನಿಜ. ಆದರೂ ನೇಮಕ ಮಾಡುವವರು ಆ ಒಂದು ಅಕ್ಷರದಿಂದ ವಿದ್ಯೆಯನ್ನೇ ಅಳೆಯುವುದು ನಿಂತಿಲ್ಲ, ಅಳೆಸಿಕೊಳ್ಳುವವರು ಅದನ್ನು ಕಲಿಯದೆ ವಿಧಿಯಿಲ್ಲ.

ಬೆರಕೆ ಮಾತಿನಲ್ಲಿ

ಇಂಗ್ಲಿಷ್ ಕ್ರಿಯಾಪದ ಕನ್ನಡ ವಾಕ್ಯದೊಳಗೆ ಬಂದಾಗ ಹೊಂದಾಣಿಕೆ ಪೂರ್ತಿ ಕನ್ನಡದ ಕೈಗೆ ಬರುತ್ತದೆ. ‘ಅವಳು ಅಪ್ಲೈ ಮಾಡಿದ್ದಾಳೆ’, ‘ಅವರು ಶಿಫ್ಟ್ ಆಗಿದ್ದಾರೆ’, ‘ಬಸ್ ಮಿಸ್ ಆಯ್ತು’, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಅಪ್ಲೈ, ಶಿಫ್ಟ್, ಮಿಸ್ ಯಾವುದೂ ತನ್ನ ‘ಸ್’ ಆಗಲಿ ‘ಡ್’ ಆಗಲಿ ಜೊತೆಗೆ ತರುವುದಿಲ್ಲ, ಬರಿಯ ಧಾತುವಾಗಿ ಬಂದು ಮಾಡು, ಆಗು ಎಂಬ ಸಹಾಯಕಗಳ ಮುಂದೆ ನಿಲ್ಲುತ್ತದೆ. ಕರ್ತೃ ಬೇಕೆಂದು ಮಾಡಿದ ಕೆಲಸಕ್ಕೆ ‘ಮಾಡು’, ತಾನಾಗಿ ಒದಗಿದ್ದಕ್ಕೆ ‘ಆಗು’ ಎಂಬ ಆಯ್ಕೆಯೂ ಬಹುಮಟ್ಟಿಗೆ ಕನ್ನಡದ್ದೇ. ‘ಕೆಲಸ ಮಿಸ್ ಮಾಡಿದ’ ಮತ್ತು ‘ಕೆಲಸ ಮಿಸ್ ಆಯ್ತು’ ಎರಡರ ನಡುವೆ ಹೊಣೆ ಯಾರದು ಎಂಬ ವ್ಯತ್ಯಾಸವಿದೆ. ಎಸ್. ಎನ್. ಶ್ರೀಧರ್ 1970ರ ದಶಕದಲ್ಲಿಯೇ ಕನ್ನಡದಲ್ಲಿ ಇಂಗ್ಲಿಷ್ ಬೆರೆಯುವ ಬಗೆಯನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಕ್ರಿಯಾಪದಗಳನ್ನು ಹೀಗೆ ಎರವಲು ಪಡೆಯುವ ಕ್ರಮ ತಮಿಳು, ತೆಲುಗು, ಹಿಂದಿಗಳಲ್ಲಿಯೂ ಇದೆ. ಮಡಿವಾಳ ಮಾರ್ಕೆಟ್ಟಿನಲ್ಲಿ ಫೋನಿನಿಂದ ದುಡ್ಡು ಕಳಿಸಿದವರು ‘ಪೇ ಮಾಡಿದ್ದೀನಿ’ ಎಂದರೆ, ಅಂಗಡಿಯವರು ಹಣ ಬಂತೆಂದು ಧ್ವನಿಪೆಟ್ಟಿಗೆ ಕೂಗಿದ್ದನ್ನು ಕೇಳಿಸಿಕೊಂಡು ‘ರಿಸೀವ್ ಆಗಿದೆ’ ಎನ್ನುತ್ತಾರೆ.